ಲೇಸರ್ ಪವರ್ ಮೀಟರ್ ತಗೊಳ್ಳೋ ಮೊದಲು ಸೆನ್ಸರ್ ನೋಡಿ
ನಮ್ಮ ಕಾಸರಗೋಡು ಕಡೆ ಗೆರಟೆ, ಹಾಳೆತಟ್ಟೆ, ಮರದ ಹಲಗೆ ಮೇಲೆ ನೀಲಿ ಲೇಸರಿನಲ್ಲಿ ಹೆಸರು ಕೊರೆಯುವವರು, ಲೇಸರ್ ಬೆಳಕು ಎಷ್ಟು ವ್ಯಾಟ್ ಅಂತ ಅಳೆಯುವ ಪವರ್ ಮೀಟರ್ ಕೊಳ್ಳುವಾಗ ಬೆಲೆಗಿಂತ ಮೊದಲು ಸೆನ್ಸರಿನ ಫೋಟೋ ನೋಡಿ: ಮಸಿ ಬಳಿದಂಥ ಮಂಕು ಕಪ್ಪು ಬಿಲ್ಲೆ ಇದ್ದರೆ ತಗೊಳ್ಳಿ, ಗಾಜಿನ ಹಾಗೆ ಹೊಳೆಯುವ ಪುಟ್ಟ ಚೌಕ ಇದ್ದರೆ ಬಿಡಿ. ಕಪ್ಪು ಬಿಲ್ಲೆಯದು ಥರ್ಮಲ್ ಸೆನ್ಸರ್. ಅದು ಬಿದ್ದ ಬೆಳಕಿನ ಬಿಸಿ ಅಳೆಯುತ್ತದೆ, ಹಾಗಾಗಿ ಬಣ್ಣ ಯಾವುದಾದರೂ ಲೆಕ್ಕ ಹೆಚ್ಚುಕಮ್ಮಿ ಸರಿ ಬರುತ್ತದೆ. ಹೊಳೆಯುವುದು ಫೋಟೋಡಯೋಡ್, ಅಂದರೆ ಬೆಳಕನ್ನು ಕರೆಂಟಾಗಿ ಮಾಡಿ ಅಳೆಯುವ ಸೆನ್ಸರ್, ಬಣ್ಣ ಬದಲಾದರೆ ಅದರ ಲೆಕ್ಕವೂ ಬದಲಾಗುತ್ತದೆ. 650 ನ್ಯಾನೋಮೀಟರ್ ತರಂಗಾಂತರದ ಕೆಂಪಿಗೆ ಹೊಂದಿಸಿದ ಅಂಥ ಮೀಟರಿಗೆ 450ರ ನೀಲಿ ಹಿಡಿದರೆ ಸುಮಾರು ಅರ್ಧದಷ್ಟೇ ತೋರಿಸಬಹುದು, ವ್ಯಾಟ್‌ಗಟ್ಟಲೆ ಪವರ್ ಅಂತೂ ಅದಕ್ಕೆ ತಡೆಯುವುದೇ ಇಲ್ಲ. ಇನ್ನೊಂದು, ಮಷೀನಿನ ಡಬ್ಬದ ಮೇಲೆ ದೊಡ್ಡದಾಗಿ ಬರೆದ 40 ವ್ಯಾಟ್ ಎಷ್ಟೋ ಸಲ ಅದು ಎಳೆಯುವ ಕರೆಂಟಿನ ಲೆಕ್ಕ, ಬೆಳಕು ಬರೀ 5 ವ್ಯಾಟ್ ಇರಬಹುದು. ಮೀಟರಿನ ರೇಂಜ್ ಆ ಬೆಳಕಿನ ಲೆಕ್ಕಕ್ಕೆ ನೋಡಿ, ಎರಡು ಪಟ್ಟು ಇದ್ದರೆ ಧಾರಾಳ ಸಾಕು. ಅಳೆಯುವಾಗ ಫೋಕಸ್ ಮಾತ್ರ ಬಿಲ್ಲೆಯ ಮೇಲೆ ಬೀಳಬಾರದು, ಕಪ್ಪು ಲೇಪ ಸುಟ್ಟು ಬಿಳಿ ಚುಕ್ಕಿ ಬಿದ್ದರೆ ಆಮೇಲೆ ಕಡಿಮೆಯೇ ತೋರಿಸುತ್ತದೆ, ಅದಕ್ಕೆ ಸ್ವಲ್ಪ ದೂರ ಇಟ್ಟು ಬೆಳಕು ಹರಡುವ ಹಾಗೆ ಮಾಡಿ. ಅಂಕಿ ನಿಲ್ಲುವವರೆಗೆ ಕೆಲವು ಸೆಕೆಂಡ್ ಕಾಯಿರಿ. ಈ ಥರ್ಮಲ್ ಕೈಕೊಡುವುದು ಸಣ್ಣ ಪಾಯಿಂಟರಿಗೆ: ಐದು ಮಿಲಿವ್ಯಾಟ್‌ನಲ್ಲಿ ಕೈಯ ಬಿಸಿ, ಫ್ಯಾನಿನ ಗಾಳಿಗೇ ಅಂಕಿ ಓಲಾಡುತ್ತದೆ, ಸೆಕೆ ಎಷ್ಟಿದ್ದರೂ ಫ್ಯಾನ್ ಆರಿಸಲೇಬೇಕು. ಅಲ್ಲಿಗೆ ಫೋಟೋಡಯೋಡೇ ಸರಿ. 450ರ ನೀಲಿ ಬೆಳಕಿಗೆ ಹೊಂದುವ ಲೇಸರ್ ರಕ್ಷಣೆಯ ಕನ್ನಡಕ ಹಾಕದೆ ದಯವಿಟ್ಟು ಯಾರೂ ಅಳೆಯಬೇಡಿ, ಬಿಲ್ಲೆಯಿಂದ ಚಿಮ್ಮುವ ಬೆಳಕೂ ಕಣ್ಣಿಗೆ ಅಪಾಯ.