ಬೆಳಗಿನ ಬಿಸಿಲಿನಲ್ಲಿ ಚಿಟ್ಟೆಯ ಚಿತ್ರ ತೆಗೆಯುವ ಬಗೆ

ರಾತ್ರಿಯ ತಂಪಿನಲ್ಲಿ ಮರಗಟ್ಟಿದ ಚಿಟ್ಟೆಯು ಹಾರುವಷ್ಟು ಬಿಸಿಯೇರುವವರೆಗೆ ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳುವುದರಿಂದ, ಚಿತ್ರ ತೆಗೆಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆ ಹೋದವರು, ಎಳೆಬಿಸಿಲು ಮೊದಲು ತಾಗುವ ಪೊದೆಗಳ ಪೂರ್ವದ ಮಗ್ಗುಲನ್ನು ನಿಧಾನವಾಗಿ ಹುಡುಕಬೇಕು. ಎಕ್ಕದ ಗಿಡವನ್ನಂತೂ ನೋಡದೆ ಮುಂದೆ ಸಾಗಬಾರದು. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಅದರ ಎಲೆಯ ಮೇಲೆ ಮೊಟ್ಟೆಯಿಡುತ್ತದೆ.

ನೆರಳು ಬಿದ್ದರೆ ಚಿಟ್ಟೆ ಹಾರಿಬಿಡುತ್ತದೆ, ಆದ್ದರಿಂದ ನಿಮ್ಮ ನೆರಳು ಎತ್ತ ಬೀಳುತ್ತಿದೆ ಎಂಬುದನ್ನು ಗಮನಿಸುತ್ತಲೇ ಹತ್ತಿರವಾಗಿ. ಮೊಣಕಾಲೂರಿ, ಕ್ಯಾಮೆರಾವನ್ನು ಬಿಚ್ಚಿದ ರೆಕ್ಕೆಗಳಿಗೆ ಸಮಾನಾಂತರವಾಗಿ ಹಿಡಿದು, ಎಫ್/8 ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ) ಹಾಗೂ 1/500 ಸೆಕೆಂಡಿನ ಶಟರ್ ವೇಗವಿಟ್ಟುಕೊಂಡು ಫೋಕಸ್ ಮಾಡಿದರೆ, ರೆಕ್ಕೆಯ ಕಪ್ಪು ಅಂಚಿನ ಬಿಳಿ ಚುಕ್ಕೆಗಳೂ ಬಿಡಿಬಿಡಿಯಾಗಿ ಮೂಡುತ್ತವೆ. ರೆಕ್ಕೆ ಮುಚ್ಚಿ ಕುಳಿತಿದ್ದರೆ ರೆಂಬೆ ಅಲುಗಿಸದೆ, ಪಕ್ಕಕ್ಕೆ ಸರಿದು ಕಣ್ಣಿಗೆ ಫೋಕಸ್ ಮಾಡಿ.