ಗ್ರಾಫಿನ ಗೆರೆ ಇಳಿದ ವರ್ಷ: ಕಾಯಿಲೆಗಳ ಲೆಕ್ಕ ಇಡುವಾಗ ನಾನು ಕಲಿತದ್ದು

ದೇಶದ ಕಾಯಿಲೆಗಳ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಕೈಗೆ ಒಂದು ಎಕ್ಸೆಲ್ ಶೀಟ್ ಬಂತು. ಹನ್ನೆರಡು ವರ್ಷದ ಭೇದಿ ಪ್ರಕರಣಗಳು. ಸಾಲಿಗೊಂದು ಜಿಲ್ಲೆ, ಕಾಲಮ್ಮಿಗೊಂದು ವಾರ. ಎಲ್ಲ ಕೂಡಿಸಿ ಗ್ರಾಫ್ ಹಾಕಿದೆ. ಏಳನೇ ವರ್ಷದಲ್ಲಿ ಗೆರೆ ಸರ್ರನೆ ಕೆಳಗಿಳಿದಿತ್ತು. ಕುಡಿಯುವ ನೀರು ಸುಧಾರಿಸಿರಬೇಕು ಅಂದುಕೊಂಡೆ. ಮನಸ್ಸಿಗೆ ಖುಷಿಯೂ ಆಯಿತು.

ವರದಿ ಬರೆಯುವ ಮೊದಲು ಯಾಕೋ ಮತ್ತೆ ಮೂಲ ಶೀಟಿಗೆ ಹೋದೆ. ಒಂದು ಜಿಲ್ಲೆಯಲ್ಲಿ ಒಂಬತ್ತು ವಾರ ಸಾಲಾಗಿ ಸೊನ್ನೆ. ಅದರ ಹಿಂದಿನ ವಾರ 214, ಮುಂದಿನ ವಾರ 198. ಭೇದಿ ಹಾಗೆ ರಜೆ ಹಾಕಿ ಹೋಗುವ ಕಾಯಿಲೆ ಅಲ್ಲ. ಅಲ್ಲಿಗೆ ಫೋನ್ ಮಾಡಿದೆ. "ಆಗ ಎಂಟ್ರಿ ಮಾಡೋಕೆ ಯಾರೂ ಇರಲಿಲ್ಲ ಮೇಡಂ, ಫಾರ್ಮೇ ಕಳಿಸಿಲ್ಲ" ಅಂದರು. ಆ ವರ್ಷ ಹೊಸ ಸಾಫ್ಟ್‌ವೇರ್ ಬಂದಿತ್ತು. ಬಾರದ ವರದಿಯ ಜಾಗದಲ್ಲಿ ಅದು ತಾನೇ 0 ತುಂಬುತ್ತಿತ್ತು. ಹುಡುಕಿದರೆ ಇಂಥ ಜಿಲ್ಲೆಗಳು ಇನ್ನೂ ಹಲವು ಸಿಕ್ಕವು.

ಅವತ್ತಿನಿಂದ ನಾನು ಸೊನ್ನೆಯನ್ನೂ ಖಾಲಿಯನ್ನೂ ಒಂದೇ ಅಂತ ನೋಡಿಲ್ಲ. "ಹುಡುಕಿದೆವು, ಒಂದೂ ಇಲ್ಲ" ಅನ್ನುವುದು ಬೇರೆ, "ನಮಗೆ ಹೇಳಿಯೇ ಇಲ್ಲ" ಅನ್ನುವುದು ಬೇರೆ. ಪ್ರಕರಣಗಳ ಪಕ್ಕದಲ್ಲೇ ಇನ್ನೊಂದು ಕಾಲಮ್ ಇಡುತ್ತೇನೆ: ಎಷ್ಟು ಕೇಂದ್ರಗಳಿಂದ ವರದಿ ಬರಬೇಕಿತ್ತು, ಎಷ್ಟು ಬಂತು. ಈ ಕಾಲಮ್ ಇಲ್ಲದ ಗ್ರಾಫನ್ನು ನಾನು ಯಾರಿಗೂ ಕೊಡುವುದಿಲ್ಲ.

ಗೆರೆ ಏರಿದಾಗಲೂ ಅಷ್ಟೇ ಎಚ್ಚರ ಬೇಕು. ದಕ್ಷಿಣ ಕೊರಿಯಾದಲ್ಲಿ 2011ರ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರದ್ದಕ್ಕಿಂತ 15 ಪಟ್ಟು ಜಾಸ್ತಿ ಇತ್ತು. ಅದೇ ಕಾಯಿಲೆಯ ಸಾವುಗಳು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು. ತಪಾಸಣೆಗೆ ಹೋದ ಬಹಳಷ್ಟು ಜನರಿಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ಆಗುತ್ತಿತ್ತು. ಜೀವಮಾನದಲ್ಲಿ ತೊಂದರೆಯನ್ನೇ ಕೊಡದಂಥ ಸಣ್ಣ ಗಂಟುಗಳೂ ಲೆಕ್ಕಕ್ಕೆ ಬಂದವು. ಹಾಗಾಗಿ ಪ್ರಕರಣಗಳ ಗೆರೆಯನ್ನು ನಾನು ಒಂಟಿಯಾಗಿ ನೋಡುವುದಿಲ್ಲ. ಪಕ್ಕದಲ್ಲಿ ಸಾವಿನ ಗೆರೆ, ಎಷ್ಟು ಪರೀಕ್ಷೆ ನಡೆಯಿತು ಅನ್ನುವ ಗೆರೆ, ಎರಡೂ ಇರಬೇಕು.

ಸಾವಿನ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ಜಪಾನಿನಲ್ಲಿ 1995ರ ಹೊತ್ತಿಗೆ ಹೃದಯದ ಕಾಯಿಲೆಯ ಸಾವುಗಳು ಇದ್ದಕ್ಕಿದ್ದಂತೆ ಇಳಿದವು. ಜನರ ಹೃದಯ ಒಂದೇ ವರ್ಷದಲ್ಲಿ ಗಟ್ಟಿಯಾಗಲಿಲ್ಲ. ಮರಣ ಪ್ರಮಾಣಪತ್ರದ ನಮೂನೆ ಬದಲಾಗಿತ್ತು. ಕೊನೆ ಗಳಿಗೆಯ ಸ್ಥಿತಿಯಾಗಿ ಸುಮ್ನೆ "ಹೃದಯ ವೈಫಲ್ಯ" ಅಂತ ಬರೆಯಬೇಡಿ ಎಂದು ವೈದ್ಯರಿಗೆ ತಿಳಿಸಿದ್ದರು. ಕಾಯಿಲೆಗಳಿಗೆ ಕೋಡ್ ಕೊಡುವ ಐಸಿಡಿಯ ಹತ್ತನೇ ಆವೃತ್ತಿ ಅಲ್ಲಿ ಜಾರಿಗೆ ಬಂದದ್ದೂ ಆಗಲೇ. ಈಗ 2022ರಿಂದ ಹನ್ನೊಂದನೇ ಆವೃತ್ತಿ ಚಾಲ್ತಿಯಲ್ಲಿದೆ. ಪ್ರತಿ ದೇಶ ಅದಕ್ಕೆ ಬದಲಾದಾಗ ಮತ್ತೆ ಇಂಥ ಮೆಟ್ಟಿಲುಗಳು ಕಾಣಬಹುದು.

ಇದಕ್ಕಾಗಿಯೇ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಕೋಡ್ ಬದಲಾದ ದಿನ, ಹೊಸ ಪರೀಕ್ಷೆ ಬಂದ ದಿನ, ಯಾರನ್ನು ರೋಗಿ ಅಂತ ಎಣಿಸಬೇಕು ಅನ್ನುವ ನಿಯಮ ತಿದ್ದಿದ ದಿನ, ಎಲ್ಲ ಬರೆದಿಡುತ್ತೇನೆ. ಗ್ರಾಫಿನಲ್ಲಿ ಆ ಜಾಗಕ್ಕೆ ಉದ್ದಕ್ಕೆ ಚುಕ್ಕಿ ಗೆರೆ ಎಳೆಯುತ್ತೇನೆ.

ಇನ್ನು ವಯಸ್ಸು. ಇದನ್ನು ಬಿಟ್ಟರೆ ಅರ್ಥವೇ ಉಲ್ಟಾ ಆಗುತ್ತದೆ. ಹೊಸಬರಿಗೆ ನಾನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಲಕ್ಷ ಜನ ಅಂದುಕೊಳ್ಳಿ. 90,000 ಜನ ಅರವತ್ತರ ಒಳಗಿನವರು, 10,000 ಜನ ಅರವತ್ತು ದಾಟಿದವರು. ಒಂದು ಕಾಯಿಲೆಯಿಂದ ಚಿಕ್ಕವರಲ್ಲಿ ಲಕ್ಷಕ್ಕೆ 10, ಹಿರಿಯರಲ್ಲಿ ಲಕ್ಷಕ್ಕೆ 500 ಸಾವು. ಒಟ್ಟು 59. ಇಪ್ಪತ್ತು ವರ್ಷದ ನಂತರ ಚಿಕಿತ್ಸೆ ಸುಧಾರಿಸಿ ಅದು 8 ಮತ್ತು 400ಕ್ಕೆ ಇಳಿಯಿತು. ಆದರೆ ಈಗ ಲಕ್ಷದಲ್ಲಿ ಹಿರಿಯರು 20,000. ಕೂಡಿಸಿ ನೋಡಿ, 86 ದಾಟುತ್ತದೆ. ಎರಡೂ ಗುಂಪಿನಲ್ಲಿ ಅಪಾಯ ಕಡಿಮೆಯಾಗಿದೆ, ಒಟ್ಟು ಸಾವು ಮಾತ್ರ ಏರಿದೆ! ಹಳೆಯ ವಯಸ್ಸಿನ ಹಂಚಿಕೆಯನ್ನೇ ಇಟ್ಟು ಲೆಕ್ಕ ಹಾಕಿದರೆ 47 ಬರುತ್ತದೆ. ದೇಶ ದೇಶಗಳನ್ನು ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆ ಇಂಥದ್ದೇ ಒಂದು ಮಾದರಿ ಜನಸಂಖ್ಯೆ ಕೊಟ್ಟಿದೆ. ನಾನು ಎರಡು ಸಂಖ್ಯೆಯನ್ನೂ ಕೊಡುತ್ತೇನೆ. ಅಪಾಯ ಇಳಿಯಿತೇ ಅಂತ ತಿಳಿಯಲು 47 ಬೇಕು. ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಇಡಬೇಕು ಅನ್ನುವವರಿಗೆ 86 ಬೇಕು, ಅಲ್ವಾ?

ಕೊನೆಯ ಕೆಲವು ವಾರಗಳ ಗೆರೆ ಮಾತ್ರ ಯಾವಾಗಲೂ ಇಳಿಯುತ್ತಿರುವಂತೆ ಕಾಣುತ್ತದೆ. ಜ್ವರ ಶುರುವಾದ ದಿನಕ್ಕೂ ಲ್ಯಾಬ್ ಫಲಿತಾಂಶ ನಮ್ಮನ್ನು ಮುಟ್ಟುವ ದಿನಕ್ಕೂ ನಡುವೆ ಅಂತರ ಇರುತ್ತದಲ್ಲ, ಅದೇ ಕಾರಣ. ಆ ಭಾಗಕ್ಕೆ ಬೂದು ಬಣ್ಣ ಹಾಕಿ "ವರದಿಗಳು ಇನ್ನೂ ಬರುತ್ತಿವೆ" ಅಂತ ಬರೆಯುತ್ತೇನೆ. ಪ್ರತಿ ಸೋಮವಾರದ ಫೈಲನ್ನು ಅಳಿಸದೆ ತೆಗೆದಿಡುತ್ತೇನೆ. ಎರಡು ತಿಂಗಳ ನಂತರ ಅದೇ ವಾರದ ಸಂಖ್ಯೆ ಎಷ್ಟಾಯಿತು ಅಂತ ಹೋಲಿಸಿದರೆ, ಮೊದಲ ಸೋಮವಾರ ನಮ್ಮ ಕಣ್ಣಿಗೆ ಬಿದ್ದದ್ದು ಎಷ್ಟು ಪಾಲು ಅಂತ ಗೊತ್ತಾಗುತ್ತದೆ.

ಆ ಏಳನೇ ವರ್ಷದ ಗ್ರಾಫನ್ನು ಮತ್ತೆ ಬಿಡಿಸಿದೆ. ವರದಿ ಬಾರದ ವಾರಗಳಲ್ಲಿ ಗೆರೆಯನ್ನು ಜೋಡಿಸದೆ ಹಾಗೇ ಬಿಟ್ಟೆ. ಉಳಿದ ವಾರಗಳಲ್ಲಿ ಭೇದಿ ಹಿಂದಿನ ವರ್ಷದಷ್ಟೇ ಇತ್ತು.