ಟಬ್ಬಿಗೆ ಶವರ್: ಮೊದಲು ನೀರಿನ ರಭಸ ನೋಡಿ

ಬಚ್ಚಲುಮನೆಯಲ್ಲಿ ಟಬ್ ಇದೆ, ದಿನಾ ಅದನ್ನು ತುಂಬಿಸಿ ಮೀಯಲು ಪುರುಸೊತ್ತಿಲ್ಲ, ಒಂದು ಶವರ್ ಸೇರಿಸೋಣ ಅನ್ನುವವರು ಅಂಗಡಿಗೆ ಹೋಗುವ ಮೊದಲು ಟ್ಯಾಂಕಿಯ ಎತ್ತರ ಅಳೆಯಿರಿ. ಕಾರವಾರ, ಅಂಕೋಲಾ ಕಡೆಯ ಹಂಚಿನ ಮನೆಗಳಲ್ಲಿ ಟ್ಯಾಂಕಿ ಎಷ್ಟೋ ಸಲ ಹಿತ್ತಿಲ ಗಿಡ್ಡ ಕಟ್ಟೆಯ ಮೇಲಿರುತ್ತದೆ. ಟ್ಯಾಂಕಿಯ ತಳ ಶವರಿಗಿಂತ 10 ಅಡಿ ಮೇಲಿದ್ದರೂ ಸಿಗುವ ಒತ್ತಡ ಸುಮಾರು 0.3 ಬಾರ್, 5 ಅಡಿ ಆದರೆ ಅದರ ಅರ್ಧ. ತಟ್ಟೆಯಷ್ಟು ಅಗಲದ ರೇನ್ ಶವರ್ ಇಷ್ಟಕ್ಕೆಲ್ಲ ಬಗ್ಗುವುದಿಲ್ಲ, ತೊಟ್ಟಿಕ್ಕುತ್ತದೆ ಅಷ್ಟೆ.

ಟಬ್ಬಿನ ನಲ್ಲಿಗೆ ತೋಟದ ಪೈಪು ಸಿಕ್ಕಿಸಿ, ತುದಿಯನ್ನು ಟಬ್ಬಿನ ತಳದಿಂದ ಆರೂವರೆ ಅಡಿ ಮೇಲೆ ಹಿಡಿದು ಕೆಳಗಿಟ್ಟ ಬಕೆಟಿಗೆ ನೀರು ಬಿಡಿ. ತುದಿ ಕೆಳಗೆ ಜೋಲಿದರೆ ಲೆಕ್ಕ ತಪ್ಪುತ್ತದೆ. 10 ಲೀಟರ್ ಬಕೆಟ್ ಒಂದೂವರೆ ನಿಮಿಷದೊಳಗೆ ತುಂಬಿದರೆ ಚಿಂತೆಯಿಲ್ಲ. ಎರಡು ನಿಮಿಷ ದಾಟಿದರೆ ಪಂಪು ಬೇಕು, ಇಲ್ಲವೇ ಕೈಯಲ್ಲಿ ಹಿಡಿಯುವ ಟೆಲಿಫೋನ್ ಶವರಿಗೆ ತೃಪ್ತಿಪಡಿ. ಅದನ್ನು ಕೆಳಗೆ ಹಿಡಿದಷ್ಟೂ ರಭಸ ಹೆಚ್ಚು. ಪಂಪನ್ನು ಟ್ಯಾಂಕಿಯಿಂದ ಹೊರಬರುವ ಪೈಪಿಗೆ, ಗೀಸರಿನ ದಾರಿ ಕವಲೊಡೆಯುವ ಮೊದಲೇ ಕೂರಿಸಿ. ತಣ್ಣೀರಿಗೆ ಮಾತ್ರ ಕೂರಿಸಿದರೆ ಅದು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ, ಹದ ಸಿಗುವುದೇ ಇಲ್ಲ.

ಟೈಲ್ಸ್ ಒಡೆಯದೆ ಆಗುವ ಕೆಲಸವೆಂದರೆ ಹಳೆ ನಲ್ಲಿ ತೆಗೆದು, ಶವರ್ ಪೈಪಿಗೆ ಬಾಯಿಯಿರುವ ನಲ್ಲಿ ಹಾಕುವುದು. ಅಳತೆ ಸಾಮಾನ್ಯವಾಗಿ ಅರ್ಧ ಇಂಚು. ನೀರು ಸೋರದಂತೆ ಟೆಫ್ಲಾನ್ ಟೇಪನ್ನು ನಲ್ಲಿಯ ಮರೆಗೆ (ತಿರುಪಿನ ಗೆರೆಗಳಿಗೆ), ಅದು ತಿರುಗುವ ದಿಕ್ಕಿನಲ್ಲೇ ಎಂಟು-ಹತ್ತು ಸುತ್ತು ಬಿಗಿಯಾಗಿ ಸುತ್ತಿ. ಗುಂಡಿ ಎಳೆದರೆ ಶವರಿಗೆ ನೀರು ಹೋಗುವ ಮಾದರಿ ಬೇಡ: ಆ ಗುಂಡಿಯನ್ನು ಮೇಲೆ ಹಿಡಿದು ನಿಲ್ಲಿಸುವುದೇ ನೀರಿನ ಒತ್ತಡ, ಒತ್ತಡ ಕಡಿಮೆಯಾದರೆ ಸ್ನಾನದ ನಡುವೆಯೇ ಕೆಳಗೆ ಬೀಳುತ್ತದೆ. ತಿರುಗಿಸುವ ಹಿಡಿಯಿರುವ, ಹಿತ್ತಾಳೆಯದನ್ನೇ ಕೇಳಿ ತನ್ನಿ. ಶವರನ್ನು ಗೋಡೆಗೆ ಕೂರಿಸುವ ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಿರಲಿ. ಉಪ್ಪುಗಾಳಿಗೆ ಸಾದಾ ಸ್ಕ್ರೂ ತುಕ್ಕು ಹಿಡಿದು ಟೈಲ್ಸಿನ ಮೇಲೆ ಕೆಂಪು ಗೆರೆ ಇಳಿಸುತ್ತದೆ.

ಈ ಸ್ಕ್ರೂಗಳಿಗೆ ತೂತು ಕೊರೆಯುವಾಗ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ವಿಶೇಷ ಕಾಳಜಿ ಬೇಕು. ಟೈಲ್ಸ್ ದಾಟುವ ತನಕ ಡ್ರಿಲ್ಲಿನ ಹ್ಯಾಮರ್ ಆಫ್ ಇರಲಿ. ಒಳಗಿನ ಕಲ್ಲು ಉದುರಿ ತೂತು ದೊಡ್ಡದಾದರೆ ಬೆಂಕಿಕಡ್ಡಿ ತುರುಕಬೇಡಿ, ಎಪಾಕ್ಸಿ ಅಂಟು ತುಂಬಿ ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಟಬ್ಬಿಗೆಂದು ಮಾಡಿದ ಗೋಡೆಗೆ ಟೈಲ್ಸ್ ನಾಲ್ಕಡಿಗೇ ನಿಂತಿರುತ್ತದೆ. ಶವರ್ ಬಂದ ಮೇಲೆ ಅದು ಏಳಡಿಯಾಗಲೇಬೇಕು, ಅದರ ಹಿಂದೆ ವಾಟರ್‌ಪ್ರೂಫ್ ಲೇಪವೂ ಬೇಕು. ಇಲ್ಲವಾದರೆ ಚಿರೆಕಲ್ಲು ನೀರು ಕುಡಿದು, ಆಚೆ ಕೋಣೆಯ ಗೋಡೆಯಲ್ಲಿ ಬಣ್ಣ ಗುಳ್ಳೆ ಏಳುತ್ತದೆ.

ಟಬ್ಬಿನ ಅಂಚಿಗೂ ಟೈಲ್ಸಿಗೂ ನಡುವಿನ ಸಂದಿನಲ್ಲಿ ಹಳೆ ಸಿಲಿಕಾನ್ ಪೂರ್ತಿ ಕೆರೆದು, ಒಣಗಿಸಿ, ಟಬ್ ತುಂಬ ನೀರು ತುಂಬಿದ ಮೇಲೆಯೇ ಹೊಸದನ್ನು ಹಚ್ಚಿ. ನೀರಿನ ಭಾರಕ್ಕೆ ಟಬ್ ಕೂದಲೆಳೆಯಷ್ಟು ತಗ್ಗಿ ಸಂದು ಅಗಲವಾಗುತ್ತದೆ. ಖಾಲಿ ಟಬ್ಬಿಗೆ ಹಚ್ಚಿದ್ದು ಮೊದಲ ಸ್ನಾನಕ್ಕೇ ಬಿರಿಯುತ್ತದೆ. 24 ಗಂಟೆ ಆ ನೀರು ಹಾಗೇ ಇರಲಿ. ಒದ್ದೆ ಗೋಡೆಗೆ ಸಿಲಿಕಾನ್ ಅಂಟುವುದಿಲ್ಲ, ಆದ್ದರಿಂದ ಈ ಕೆಲಸ ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ.

ಪರದೆಯ ತುದಿ ಟಬ್ಬಿನ ಒಳಗೇ ಬೀಳಬೇಕು. ಗೀಸರಿಗೆ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಶವರಿನ ಮಾತೇ ಬೇಡ, ಮೊದಲು ಅದನ್ನು ಮಾಡಿಸಿ. ಬಾವಿನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಶವರಿನ ತೂತುಗಳು ಕಟ್ಟುತ್ತವೆ. ತೂತುಗಳಿಗೆ ರಬ್ಬರ್ ಮೂತಿಯಿರುವ ಶವರ್ ಕೊಂಡರೆ ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಉಜ್ಜಿದರೆ ಸಾಕು.